ಅರೆಯುಸಿರು

"ಇವತ್ತು ಯಾರ ಗಂಟಲು ಹುಡುಕ್ಕೊಂಡು ಬಂದು ಕೂತಿದೀಯಪ್ಪಾ?"

ಮುಚ್ಚಿದ ಗಾಜಿನ ಕಿಟಕಿಯೊಳಗೆ ನಿಂತು ಮಂದಾಕಿನಿ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಮಂಚದ ಮೇಲಿದ್ದ ಅಪ್ಪ ಗಂಜಿ ಕುಡಿದು ಆಗಷ್ಟೇ ಕಣ್ಣು ಮುಚ್ಚಿದ್ದರು. ಮನೆಯಲ್ಲಿ ಬೇರೆ ಜೀವವಿರಲಿಲ್ಲ. ಹೊರಗೆ, ಬೆಳಗಿನ ಎಳೆಬಿಸಿಲಿನಲ್ಲಿ, ಹುಣಸೆಮರದ ಒಣರೆಂಬೆಯ ಮೇಲೆ ಕಾಗೆಯಷ್ಟು ದೊಡ್ಡದೊಂದು ಕಪ್ಪು ವಸ್ತು ರೆಕ್ಕೆ ಮಡಚಿ ಕೂತಿತ್ತು. ಕಾಗೆಯಾದರೆ ಕೊಕ್ಕು ತೀಡುತ್ತದೆ, ಕತ್ತು ಕೊಂಕಿಸುತ್ತದೆ, ಸುಮ್ಮನೆ ಒಂದು ಸಲ ಕಾ ಎನ್ನುತ್ತದೆ. ಇದು ಏನನ್ನೂ ಮಾಡದೆ ಕೂತಿತ್ತು. ನಿಜವಾದ ಕಾಗೆಗಳು ಆ ಮರವನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಬೆಣಚನಕಟ್ಟೆಯಲ್ಲಿ ಇದನ್ನು ಡ್ರೋನ್ ಎಂದು ಯಾರೂ ಕರೆಯುತ್ತಿರಲಿಲ್ಲ. ಹಕ್ಕಿ ಎನ್ನುತ್ತಿದ್ದರು, ಅದೂ ಮನೆಯೊಳಗೆ ಮಾತ್ರ. ಊರಿನ ಮೂರು ಕಡೆ ಬಂಡೆಗುಡ್ಡ. ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು, ಕಪ್ಪು ನೀರಿನ ಕೆರೆಯಂತೆ. ಆ ಕರೆಂಟು ತಮ್ಮ ಅಪ್ಪಣೆಯಿಲ್ಲದೆ ಊರಾಚೆ ಹೋಗಕೂಡದೆಂದು ಗುಡ್ಡದ ಆ ಬದಿಯಲ್ಲಿ ಬಂದೂಕು ಹಿಡಿದ ಗುಂಪೊಂದು ಹಟ ಹಿಡಿದಿತ್ತು. ತಮ್ಮನ್ನು ತಾವು 'ಪಹರೆ' ಎಂದು ಕರೆದುಕೊಳ್ಳುತ್ತಿತ್ತು. ಮೊದಮೊದಲು ಅವರೂ ಪೇಟೆಯಲ್ಲಿ ಸಿಗುವ ಡ್ರೋನಿಗೆ ಸಿಡಿಮದ್ದು ಕಟ್ಟಿ ಹಾರಿಸುತ್ತಿದ್ದರು. ಸರ್ಕಾರದವರು ರೇಡಿಯೋ ಅಲೆ ಕೆಡಿಸಿ ಅವನ್ನು ಬೀಳಿಸಿದರು. ಪಹರೆಯವರು ರೇಡಿಯೋ ಬಿಟ್ಟು, ಹಕ್ಕಿಗೇ ಬುದ್ಧಿ ಕೊಟ್ಟು, ಮುಖ ನೋಡಿ ಎರಗುವಂತೆ ಮಾಡಿದರು. ಜನ ಕೊಡೆ ಹಿಡಿದರು, ಮುಸುಕು ಹಾಕಿದರು. ಕೊನೆಗೆ ಅವರು ಕಣ್ಣನ್ನೂ ಬಿಟ್ಟು ಕಿವಿ ಹಿಡಿದರು. ಒಂದು ಹಕ್ಕಿಗೆ ಒಂದು ದನಿ. ಬಿಸಿಲನ್ನೇ ಕುಡಿದುಕೊಂಡು ಮರದಿಂದ ಮರಕ್ಕೆ ಹಾರಿ ಕೂರುತ್ತಿತ್ತು. ತನ್ನ ಪಾಲಿನ ದನಿ ಕಿವಿಗೆ ಬೀಳುವವರೆಗೆ ತಿಂಗಳಾದರೂ ಸರಿ, ಮಳೆಗಾಲವಾದರೂ ಸರಿ. ಬಿದ್ದರೆ ಇಳಿದು ಸಿಡಿಯುತ್ತಿತ್ತು.

ಯಾವ ಹಕ್ಕಿಯಲ್ಲಿ ಯಾರ ದನಿಯಿದೆಯೋ ಬಲ್ಲವರಿಲ್ಲ. ಹೀಗಾಗಿ ಊರಿಗೆ ಊರೇ ಹೊಸಿಲಾಚೆ ಮಾತು ಬಿಟ್ಟಿತ್ತು. ಮನೆಗಳ ಗೋಡೆಗೆ ಒಳಗಿನಿಂದ ಹತ್ತಿಯ ಹಾಸು, ಕಿಟಕಿಗೆ ಜೋಡಿ ಗಾಜು. ಸಂತೆಯಲ್ಲಿ ಕೈಸನ್ನೆ. ಬಸ್ಸಿನ ಕಂಡಕ್ಟರ್ ತೊಡೆ ತಟ್ಟಿ ನಿಲ್ಲಿಸುತ್ತಿದ್ದ. ತಾಯಂದಿರು ಬಳೆ ಕುಟ್ಟಿ ಮಕ್ಕಳನ್ನು ಕರೆಯುತ್ತಿದ್ದರು. ಶಾಲೆಯ ಬಯಲಿನಲ್ಲಿ ಮಕ್ಕಳು ಬಾಯಿಗೆ ಕೈ ಒತ್ತಿಕೊಂಡು ಓಡಾಡುತ್ತಿದ್ದರು. ನೋಡಿದರೆ ಆಟವೇ, ಆದರೆ ಕೇಳಲು ಧೂಳಿನ ಸದ್ದೊಂದೇ.

ಹಿಂದಿನ ವಾರ ಪೇಟೆಬೀದಿಯ ದರ್ಜಿ ಗವಿರಂಗಪ್ಪನ ಹೆಣ ಎತ್ತಿದಾಗ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಿದ್ದರು. ಸಾವಿನ ಮನೆಯ ಮುಂದೆ ಅಂಥ ನಿಶ್ಶಬ್ದವನ್ನು ಮಂದಾಕಿನಿ ಎಂದೂ ಕಂಡಿರಲಿಲ್ಲ. ಆ ಮನುಷ್ಯ ಯಾರ ತಂಟೆಗೂ ಹೋದವನಲ್ಲ. ಪಹರೆಗೂ ಅವನಿಗೂ ಏನು ಸಂಬಂಧ? ಹಿತ್ತಲಲ್ಲಿ ಬಟ್ಟೆ ನೆನೆಹಾಕುತ್ತ ಏನೋ ಗುನುಗಿದನಂತೆ, ಅಷ್ಟೆ. ಬಾಯಿಗೆ ಸರ್ಕಾರದವರು ಹಂಚಿದ ದನಿಪಟ್ಟಿ ಬೇರೆ ಕಟ್ಟಿಕೊಂಡಿದ್ದ. ಗಂಡಸಿನ ದನಿಯನ್ನು ಕೀರಲು ಮಾಡಿ, ಕೀರಲನ್ನು ದಪ್ಪ ಮಾಡಿ ಹಕ್ಕಿಯ ಕಿವಿ ತಪ್ಪಿಸುವ ಪಟ್ಟಿ. ಆದರೂ ಹಕ್ಕಿ ಇಳಿದಿತ್ತು.

ಗವಿರಂಗಪ್ಪ ಅಪ್ಪನ ಶಿಷ್ಯ. ಅಪ್ಪ ಎಂದರೆ ವಾಚನದ ಗಿರಿಯಪ್ಪನವರು. ಊರ ನಡುವಿನ ಕಲ್ಲುಮಂಟಪದಲ್ಲಿ ಪ್ರತಿ ಸಂಜೆ ಕಾವ್ಯ ಓದುತ್ತಿದ್ದರು. ಮೈಕು ಕಟ್ಟಿದ ಮೇಲೆ ಅದು ಗುಡ್ಡದ ಬುಡದವರೆಗೂ ಕೇಳುತ್ತಿತ್ತು. ಅನ್ನಕ್ಕೆ ಎಸರಿಡುವುದು, ದನ ಕಟ್ಟುವುದು, ಮಗುವನ್ನು ಮಲಗಿಸುವುದು ಎಲ್ಲವೂ ಆ ಷಟ್ಪದಿಯ ಓಟದೊಳಗೇ ನಡೆಯುತ್ತಿದ್ದ ಕಾಲವದು. ಪುಸ್ತಕ ಮುಟ್ಟಿಸದೆ, ಎದುರಿಗೆ ಕೂರಿಸಿಕೊಂಡು, ಬಾಯಿಂದ ಬಾಯಿಗೆ ಕಲಿಸಿದವರು ಅವರು. ಪಾರ್ಶ್ವವಾಯು ಬಡಿದು ಮಾತು ನಿಂತಾಗ ಊರು "ಅಯ್ಯೋ" ಎಂದಿತ್ತು. ಹಕ್ಕಿಗಳು ಬಂದಮೇಲೆ ಅದೇ ಊರು, "ಸದ್ಯ, ದೇವರು ಅವರ ಬಾಯಿ ಮೊದಲೇ ಕಟ್ಟಿ ಕಾಪಾಡಿದ" ಎಂದುಕೊಂಡಿತು.

ಕೈಗಡಿಯಾರ ಗುರ್ ಎಂದಿತು. ಆಲಿಕೆ ಕೋಣೆಯಿಂದ ಕರೆ. ಪಕ್ಕದ ಮನೆಯಾಕೆಗೆ ಅಪ್ಪನನ್ನು ನೋಡಿಕೊಳ್ಳುವಂತೆ ಸನ್ನೆ ಮಾಡಿ, ತುಟಿ ಬಿಗಿದುಕೊಂಡು ಮಂದಾಕಿನಿ ಬೀದಿಗಿಳಿದಳು.

ಆಲಿಕೆ ಕೋಣೆ ಸೋಲಾರ್ ಫಲಕಗಳ ಕೆಳಗೆ, ನೆಲದಡಿಯಲ್ಲಿತ್ತು. ಊರ ಸುತ್ತ ನೆಟ್ಟ ಕಂಬಗಳ ಮೈಕುಗಳೆಲ್ಲ ಅಲ್ಲಿಗೆ ಸದ್ದು ತಂದು ಸುರಿಯುತ್ತಿದ್ದವು. ಮಂದಾಕಿನಿಗೆ ಅಲ್ಲಿ ಸದ್ದು ವಿಂಗಡಿಸುವ ಕೆಲಸ. ಅಲ್ಲಿನ ಮುಖ್ಯಸ್ಥ ಡಾಕ್ಟರ್ ಸಲ್ದಾನ, ಮಂಗಳೂರಿನ ಕಡೆಯವರು. ತಲೆಯಲ್ಲಿ ಕೂದಲು ಕಡಿಮೆ, ಬಾಯಲ್ಲಿ ಮಾತು ಹೆಚ್ಚು.

"ಬಂದಿರಾ ಮಾರಾಯ್ರೆ, ಕೂತುಕೊಳ್ಳಿ. ಚಹಾ ಉಂಟು, ಸಕ್ಕರೆ ಇಲ್ಲ. ನಮ್ಮ ವಾಚ್‌ಮನ್ ಅಂಗಡಿಯಲ್ಲಿ ಕೈಸನ್ನೆ ಮಾಡಿ ಉಪ್ಪು ತಂದಿದ್ದಾನೆ."

ಮಂದಾಕಿನಿಗೆ ನಗು ಬರಲಿಲ್ಲ. ಮೇಜಿನ ಮೇಲೆ ಒಂದು ಹಕ್ಕಿ ಹೊಟ್ಟೆ ಬಗೆದುಕೊಂಡು ಅಂಗಾತ ಬಿದ್ದಿತ್ತು. ಗವಿರಂಗಪ್ಪನ ಹಿತ್ತಲಿಗೆ ಎರಡು ಬಂದಿದ್ದವಂತೆ. ಒಂದು ಸಿಡಿದಾಗ ಇನ್ನೊಂದು ಬಾವಿಯ ಬಲೆಗೆ ಸಿಕ್ಕಿಕೊಂಡಿತ್ತು.

"ಇದರ ಒಳಗಿನ ದನಿ ಯಾರದ್ದು ಗೊತ್ತುಂಟಾ? ತಿಪ್ಪೇಶನದ್ದು."

ತಿಪ್ಪೇಶ ಫಲಕಗಳ ಕಂಟ್ರೋಲ್ ರೂಮಿನ ಆಪರೇಟರ್, ಅವನೂ ಅಪ್ಪನ ಬಳಿ ಕಲಿತವನೇ. ಪಹರೆಯವರ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವನು. ಅವತ್ತಿನಿಂದ ಹೆಂಡತಿ ಮಗಳನ್ನು ಕಟ್ಟಿಕೊಂಡು ಈ ನೆಲದಡಿಯ ಕೋಣೆಗಳಲ್ಲೇ ಬದುಕುತ್ತಿದ್ದ.

"ತಿಪ್ಪೇಶನದು ಕಂಚಿನ ಕಂಠ. ಗವಿರಂಗಪ್ಪಂದು ಹುಲ್ಲೆಳೆ," ಎಂದಳು ಮಂದಾಕಿನಿ. "ಎತ್ತಣಿಂದೆತ್ತ?"

"ಅದೇ! ನಾವು ಬುದ್ಧಿವಂತರು ಸ್ಥಾಯಿ ಬದಲಿಸುವ ಪಟ್ಟಿ ಹಂಚಿದೆವು. ಈ ಪುಣ್ಯಾತ್ಮ ಹಕ್ಕಿ ಸ್ಥಾಯಿಯನ್ನು ನೋಡುವುದೇ ಇಲ್ಲ. ಮಾತಿನ ನಡುವೆ ನಿಲ್ಲುತ್ತೇವಲ್ಲ, ಉಸಿರು ಎಳೆದುಕೊಳ್ಳುತ್ತೇವಲ್ಲ, ಆ ಸಂದುಗಳನ್ನು ಮಾತ್ರ ಹಿಡಿಯುತ್ತದೆ. ದನಿ ಬದಲಿಸಬಹುದು, ಉಸಿರು ಬದಲಿಸಲಿಕ್ಕೆ ಆಗುವುದಿಲ್ಲ. ಕೇಳಿ."

ಗುಂಡಿ ಒತ್ತಿದರು. ಮಾತನ್ನೆಲ್ಲ ಬಸಿದು ಉಸಿರಿನ ಗುರುತನ್ನಷ್ಟೇ ಉಳಿಸಿದ ಸದ್ದು. ಟಿಕ್. ಉದ್ದನೆಯ ಬಿಡುವು. ಟಿಕ್ ಟಿಕ್. ಬಿಡುವು. ಆಮೇಲೆ, ನಿಲ್ಲಲು ಯಾವ ಕಾರಣವೂ ಇಲ್ಲದ ಕಡೆ, ಅರ್ಧಕ್ಕೇ ಕಡಿದ ಒಂದು ಸಣ್ಣ ಟಿಕ್.

ಮಂದಾಕಿನಿ ಇನ್ನೊಮ್ಮೆ ಹಾಕುವಂತೆ ಬೆರಳೆತ್ತಿದಳು. ಆ ಅರೆಯುಸಿರನ್ನು ಅವಳು ತೊಟ್ಟಿಲಲ್ಲೇ ಕೇಳಿದ್ದಳು. ಅಪ್ಪನಿಗೆ ಚಿಕ್ಕಂದಿನಲ್ಲಿ ಎದೆಜ್ವರ ಬಂದು ಒಂದು ಪುಪ್ಪುಸ ಮುದುಡಿಹೋಗಿತ್ತು. ಷಟ್ಪದಿಯ ಮೂರನೆಯ ಸಾಲು ಉದ್ದ. ಎಲ್ಲರೂ ಒಂದೇ ದಮ್ಮಿನಲ್ಲಿ ದಾಟುವ ಆ ಸಾಲಿನ ನಡುವೆ ಅಪ್ಪ ಮಾತ್ರ ಕದ್ದು ಅರ್ಧ ಉಸಿರು ಎಳೆಯುತ್ತಿದ್ದರು. ಅದು ರೋಗದ ಕುರುಹೆಂದು ಶಿಷ್ಯರಿಗೆ ತಿಳಿಯದು. ಗುರುಗಳ ಮಟ್ಟೇ ಹೀಗೆ ಎಂದು ಭಕ್ತಿಯಿಂದ ಕಲಿತರು. ಗಟ್ಟಿ ಎದೆಯ ಹುಡುಗರೂ ಅಲ್ಲಿಗೆ ಬಂದಾಗ ಅರ್ಧ ಉಸಿರು ಎಳೆಯುತ್ತಿದ್ದರು. ತಪ್ಪೆಂದು ಹೇಳಲು ಅಪ್ಪನಿಗೆ ಸಂಕೋಚ. ಬರಬರುತ್ತ ಅದು ಶಿಷ್ಯರ ಮಾತಿಗೂ ಇಳಿದಿತ್ತು.

"ಇದು ತಿಪ್ಪೇಶಂದೂ ಅಲ್ಲ, ಗವಿರಂಗಪ್ಪಂದೂ ಅಲ್ಲ ಡಾಕ್ಟ್ರೇ," ಎಂದಳು. "ಇದು ನಮ್ಮಪ್ಪಂದು. ಅವರ ಹತ್ರ ಕಲಿತೋರೆಲ್ಲರದೂ. ನನ್ನದೂ. ಈ ಹಕ್ಕಿಗೆ ನಾವೆಲ್ಲ ಒಬ್ಬರೇ."

ಸಲ್ದಾನ ಚಹಾದ ಲೋಟವನ್ನು ಕೆಳಗಿಟ್ಟರು.

"ಇದನ್ನು ಮಾಡಿದವನು ಗುಡ್ಡದಾಚೆಯ ಆ ಉಮಾಕಾಂತ. ಅವನಿಗೆ ಉಸಿರಿನ ಈ ಗುಟ್ಟು ಯಾರು ಹೇಳಿದರು ಅಂತ ನಮಗೆ ತಲೆ ಕೆಟ್ಟಿತ್ತು."

"ಯಾರೂ ಹೇಳಬೇಕಾಗಿಲ್ಲ. ನಮ್ಮನೇಲೇ ಉಂಡು ಬೆಳೆದೋನು. ಅಪ್ಪನ ಶಿಷ್ಯ. ಮಂಟಪದ ಕಂಬಕ್ಕೆ ಒರಗಿ ಕೂತು, ಕಣ್ಣು ಮುಚ್ಚಿಕೊಂಡು, ಉಸಿರು ಕೇಳಿಯೇ ಯಾರು ಬಂದ್ರು ಅಂತ ಹೇಳ್ತಿದ್ದ."

"ಹಾಗಾದರೆ ತನ್ನ ಜೊತೆಯವರದ್ದೆಲ್ಲ ಒಂದೇ ಅಂತ ಅವನಿಗೆ ಹೊಳೆಯಲಿಲ್ಲವಾ?"

"ತನ್ನ ಉಸಿರು ಯಾರಿಗೆ ಕೇಳ್ಸುತ್ತೆ ಹೇಳಿ," ಎಂದಳು ಮಂದಾಕಿನಿ.

ಅಂದೇ ಶಿಷ್ಯರಿಗೆಲ್ಲ ಸುದ್ದಿ ಹೋಯಿತು. ಮನೆಯೊಳಗೂ ಗಾಜು ಹಾಕದೆ ಬಾಯಿ ಬಿಡಬೇಡಿ ಎಂದು. ಅದನ್ನು ಕೇಳಿದ ಅವರು ಹೆದರಿ ಮನೆಯಲ್ಲಿ ಕೂರಬೇಕಿತ್ತು. ಆದರೆ ಮರುದಿನ ಸಂಜೆ, ಗವಿರಂಗಪ್ಪನ ಹೆಸರಿನಲ್ಲಿ ಗುರುಗಳ ಪಾದ ಮುಟ್ಟಿ ಹೋಗೋಣವೆಂದು, ಒಬ್ಬೊಬ್ಬರಾಗಿ ಗಿರಿಯಪ್ಪನವರ ಮನೆಗೆ ಬಂದರು. ತಿಪ್ಪೇಶನೂ ಮುಸುಕು ಹಾಕಿಕೊಂಡು ನೆಲದಡಿಯಿಂದ ಎದ್ದು ಬಂದ. ಗವಿರಂಗಪ್ಪನ ಹೆಂಡತಿ ದ್ಯಾವಮ್ಮ ಮಂಚದ ಕಾಲಿಗೆ ತಲೆಯಿಟ್ಟು ಕೂತಳು.

"ಅಯ್ನೋರೇ, ನಿಮ್ ಶಿಷ್ಯ ಸಾಯೋ ಹೊತ್ನಲ್ಲೂ ನಿಮ್ ಪದಾನೇ... ಯೋಳ್ತಿದ್ದ ಕಣ್ರಯ್ಯ. ಬ್ಯಾಡ ಅಂದ್ರೂ... ಕೇಳ್ನಿಲ್ಲ," ಎಂದಳು.

ಮಾತಿನ ನಡುವೆ ಆ ಅರೆಯುಸಿರು ಕೇಳಿ ಮಂದಾಕಿನಿ ಬೆಚ್ಚಿ ಅವಳ ಮುಖ ನೋಡಿದಳು. ದ್ಯಾವಮ್ಮ ಒಂದು ಪದ್ಯವನ್ನೂ ಕಲಿತವಳಲ್ಲ. ರೊಟ್ಟಿ ತಟ್ಟುತ್ತ ಮಂಟಪದ ಮೈಕು ಕೇಳಿದವಳು, ಅಷ್ಟೆ. ದುಃಖಕ್ಕೆ ಗಂಟಲು ಕಟ್ಟಿರಬೇಕು ಎಂದು ಮಂದಾಕಿನಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಅಕ್ಕಾ, ಒಂದು ಪದ್ಯ," ಎಂದ ತಿಪ್ಪೇಶ. "ಬಾಯಿ ಬಿಡಲ್ಲ. ಮನಸ್ಸಲ್ಲೇ ಓದ್ತೀವಿ. ಅಯ್ಯೋರು ತಾಳ ಹಾಕಲಿ."

ಸೆಕೆ ಕುದಿಯುತ್ತಿತ್ತು. ಮಂದಾಕಿನಿ ಅಪ್ಪನ ದಿಂಬು ಸರಿಮಾಡುತ್ತಿದ್ದಾಗ, ದನಿಯೇ ಇಲ್ಲವಲ್ಲ ಎಂದು ಯಾರೋ ಹಗ್ಗ ಎಳೆದು ಸೂರಿನ ಬೆಳಕಿಂಡಿ ತೆರೆದರು. ಗಿರಿಯಪ್ಪನವರ ಬಲಗೈ ಬೆರಳು ಮಂಚದ ಪಟ್ಟಿಯ ಮೇಲೆ ಮೆಲ್ಲಗೆ ಬಡಿಯತೊಡಗಿತು. ಎಲ್ಲರೂ ಕಣ್ಣು ಮುಚ್ಚಿದರು. ಪದ್ಯ ಎದ್ದಿತು, ಆದರೆ ಅಕ್ಷರವಿಲ್ಲ, ರಾಗವಿಲ್ಲ. ಮೊದಲ ಸಾಲಿನ ಕೊನೆಗೆ ಒಂದೇ ಸಲ ಎಲ್ಲರ ಎದೆ ತುಂಬಿತು. ಎರಡನೆಯದರ ಕೊನೆಗೆ ಮತ್ತೆ. ದೇವರಮನೆಯ ದೀಪ ಆ ಗಾಳಿಗೆ ಒಲೆದಾಡಿತು. ಮಂದಾಕಿನಿಗೆ ಎಷ್ಟೋ ಕಾಲದ ಮೇಲೆ ಮೈ ಹಗುರಾಯಿತು. ದೇವರು ಮಾತಿಗಿಂತ ಹತ್ತಿರ ಬಂದು ಕೂತಂತೆನಿಸಿತು. ಮೂರನೆಯ ಸಾಲು. ನಡುವಿನಲ್ಲಿ, ಅಷ್ಟೂ ಜನರೊಳಗೆ, ಆ ಅರೆಯುಸಿರು.

ಹೊರಗೆ ಹುಣಸೆಮರ ಕದಲಿತು.

ಅವಳು ಕಣ್ಣು ತೆರೆದಳು. ಕಿಟಕಿಯ ಗಾಜಿನಾಚೆ, ಮುಸ್ಸಂಜೆಯ ಕೆಂಪಿನಲ್ಲಿ, ರೆಂಬೆರೆಂಬೆಯ ಮೇಲೂ ಕಪ್ಪು. ಅಷ್ಟೊಂದು ಹಕ್ಕಿಗಳು ಆ ಮರದಲ್ಲಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ಮನೆಯ ಕಡೆ ತಿರುಗಿದ್ದವು. ಒಂದು ರೆಕ್ಕೆ ಬಿಚ್ಚಿತು.

ತಿಪ್ಪೇಶ ಹಾರಿ ಹಗ್ಗ ಎಳೆದ. ಬೆಳಕಿಂಡಿ ಅರ್ಧ ಮುಚ್ಚಿ ಸಿಕ್ಕಿಕೊಂಡಿತು. ಸೂರಿನ ಮೇಲೆ ಟಪ್ ಎಂದು ಏನೋ ಇಳಿಯಿತು. ಹೆಂಚಿನ ಮೇಲೆ ಸಣ್ಣ ಕಾಲುಗಳು ನಡೆದಾಡುವ ಸದ್ದು ಕಿಂಡಿಯ ಹತ್ತಿರ ಬಂತು. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಒಬ್ಬರ ಉಸಿರು ಮಾತ್ರ ನಿಲ್ಲಲಿಲ್ಲ. ಅಪ್ಪನದು. ಬೆರಳು ಇನ್ನೂ ತಾಳ ಹಾಕುತ್ತಿತ್ತು. ಎದೆ ಏರಿ, ಇಳಿದು, ನಡುವೆ ಕಡಿದು, ಮತ್ತೆ ಏರುತ್ತಿತ್ತು. ತಡೆಯಲು ಅವರ ಮೈ ಅವರ ಮಾತು ಕೇಳುವಂತಿರಲಿಲ್ಲ.

ಕಿಂಡಿಯ ಸಂದಿನಲ್ಲಿ ಕಪ್ಪು ಮೂತಿಯೊಂದು ಕಾಣಿಸಿತು.

ಮಂದಾಕಿನಿ ಅಂಗೈಯನ್ನು ಅಪ್ಪನ ಮೂಗು ಬಾಯಿಗಳ ಮೇಲೆ ಒತ್ತಿಹಿಡಿದಳು. ಅಪ್ಪ ಕಣ್ಣು ಬಿಟ್ಟರು. ಮಗಳ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದರು. ತಲೆಯಾಡಿಸಲಿಲ್ಲ, ಒದ್ದಾಡಲಿಲ್ಲ, ಅವರ ಕಣ್ಣಂಚಿನ ನೀರು ಅವಳ ಬೆರಳಿಗೆ ಬೆಚ್ಚಗೆ ತಾಗಿತು. ಮೂತಿ ಅತ್ತ ತಿರುಗಿತು, ಇತ್ತ ತಿರುಗಿತು. ಹೆಂಚಿನ ಮೇಲೆ ಕಾಲ ಸದ್ದು ದೂರ ಸರಿಯಿತು. ಆಮೇಲೆ ರೆಕ್ಕೆಯ ಸದ್ದು.

ಕೈ ತೆಗೆದಾಗ ಅಪ್ಪ ಬಾವಿಯಿಂದ ಎದ್ದವರಂತೆ ಗಾಳಿ ಎಳೆದುಕೊಂಡರು. ಬದುಕಿದ್ದರು. ಮಂದಾಕಿನಿ ತನ್ನ ಅಂಗೈಯನ್ನು ನೋಡಿಕೊಳ್ಳಲಾರದೆ ಸೆರಗಿನಲ್ಲಿ ಸುತ್ತಿಕೊಂಡಳು.

ಮರುದಿನ ಸಲ್ದಾನ ತಮಾಷೆ ಮಾಡಲಿಲ್ಲ. ಕೋಣೆಯಲ್ಲಿ ತಿಪ್ಪೇಶನೂ ಇದ್ದ. ಮೇಜಿನ ಮೇಲಿನ ಹಕ್ಕಿಯ ಹೊಟ್ಟೆಯನ್ನು ಈಗ ಹೊಲಿದಿದ್ದರು. ಅದರ ಪಕ್ಕದಲ್ಲಿ ಒಂದು ಮೈಕು.

"ಇದನ್ನು ಈಗ ನಾವು ಹಾರಿಸಬಹುದು," ಎಂದರು. "ಉಮಾಕಾಂತ ಒಬ್ಬ ಹೋದರೆ ಹೊಸ ಹಕ್ಕಿ ಮಾಡುವವರು ಅಲ್ಲಿ ಯಾರೂ ಇಲ್ಲ. ಅವನ ದನಿ ನಮ್ಮಲ್ಲಿಲ್ಲ. ಆದರೆ ಉಸಿರು ಉಂಟು. ನಿಮ್ಮ ತಂದೆಯವರ ಹಳೆಯ ರೆಕಾರ್ಡುಗಳನ್ನು, ಈ ಗುಟ್ಟು ತಿಳಿಯುವ ಮೊದಲೇ, ಬರೇ ಇಂಪಿಗಾಗಿ ಹಗಲೂ ರಾತ್ರಿ ಹಾಕಿಕೊಂಡು ತಿಂಗಳುಗಟ್ಟಲೆ ಕೇಳಿದ್ದೇನೆ. ಮೈಕಿನ ಗೊರಗೊರ, ನಾಯಿಯ ಬೊಗಳು, ಯಂತ್ರಕ್ಕೆ ಸಾಲದು. ಚೊಕ್ಕವಾಗಿ ಅದು ಇರುವುದು ನಿಮ್ಮ ಎದೆಯಲ್ಲಿ. ಇಲ್ಲಿ ಕೂತು ಒಂದು ಗಂಟೆ ಓದಿ. ಗುಡ್ಡದಾಚೆ ಬಿಡುತ್ತೇವೆ. ಅಲ್ಲಿ ಆ ಉಸಿರಿನವನು ಅವನೊಬ್ಬನೇ."

"ಅವನೊಬ್ಬನೇ ಅಂತ ಹೇಗೆ ಹೇಳ್ತೀರಿ?" ಎಂದಳು ಮಂದಾಕಿನಿ. "ಅಷ್ಟು ವರ್ಷದಿಂದ ಅಲ್ಲಿದಾನೆ. ಬಾಯಿ ಮುಚ್ಕೊಂಡು ಇರೋ ಪೈಕಿ ಅಲ್ಲ ಅವನು. ಅಲ್ಲಿನ ಮಕ್ಕಳಿಗೆ ಪದ್ಯ ಹೇಳಿಕೊಟ್ಟಿರ್ತಾನೆ. ಅಲ್ಲಿ ಅಡುಗೆ ಮಾಡೋ ಹೆಂಗಸು ಕೇಳಿಸ್ಕೊಂಡಿರ್ತಾಳೆ. ಹಕ್ಕಿಗೆ ಗುಡ್ಡ ಒಂದು ಗಡಿಯೇ? ಮರದಿಂದ ಮರಕ್ಕೆ ಹಾರಿ ಇತ್ತಲೇ ಬಂದ್ರೆ?"

"ಶಿಷ್ಯರು ಗಾಜಿನೊಳಗೆ ಇರಲಿ. ನಾಲ್ಕು ದಿನ."

"ದ್ಯಾವಮ್ಮ ಶಿಷ್ಯೆ ಅಲ್ಲ. ನಿನ್ನೆ ಅವಳ ಬಾಯಲ್ಲಿ ಕೇಳಿದೆ. ಬೆಳಿಗ್ಗೆಯಿಂದ ಇಲ್ಲೇ ಕೂತು ಊರು ಮಾತು ಬಿಡೋ ಮುಂಚಿನ ಹಳೇ ಸದ್ದು ತೆಗೆದು ಕೇಳಿದೀನಿ. ಸೊಪ್ಪು ಮಾರೋಳು ಕೂಗಿದ್ದು, ಬಸ್‌ಸ್ಟ್ಯಾಂಡಲ್ಲಿ ಜಗಳ ಆಡಿದ್ದು, ಮಸೀದಿ ಹತ್ರ ಕಡಲೆಕಾಯಿ ಮಾರೋ ಹುಡುಗಿ ನಕ್ಕಿದ್ದು. ಎಲ್ಲದರಲ್ಲೂ ಅದಿದೆ ಡಾಕ್ಟ್ರೇ. ಅಷ್ಟು ವರ್ಷ ಸಂಜೆ ಸಂಜೆ ಕೇಳಿ ಕೇಳಿ ಊರೇ ನಮ್ಮಪ್ಪನ ಹಾಗೆ ಉಸಿರಾಡ್ತಿದೆ."

"ಈ ಹಕ್ಕಿಗಳನ್ನು ನಿಲ್ಲಿಸಲಿಕ್ಕೆ ನನಗೆ ಕೆಲವೇ ವಾರ... ಕೊಟ್ಟಿದ್ದಾರೆ ಮಾರಾಯ್ರೆ. ಮೇಲಿನವರಿಗೆ ನಾನು ಏನಂತ... ಹೇಳಲಿ? ಇನ್ನೊಂದು ಹೆಣ..."

ಸಲ್ದಾನರ ಮಾತು ಅಲ್ಲಿಗೇ ನಿಂತಿತು. ಮಂದಾಕಿನಿ ಅವರ ಬಾಯನ್ನೇ ನೋಡುತ್ತಿದ್ದಳು.

"ಈಗ ನೀವಾಡಿದ ಮಾತು ಆ ಯಂತ್ರಕ್ಕೆ ಕೇಳಿಸಿ," ಎಂದಳು ಮೆಲ್ಲಗೆ.

ಅವರು ಅರ್ಥವಾಗದೆ ಗುಂಡಿ ಒತ್ತಿದರು. ಕೋಣೆಯ ಮಾತೆಲ್ಲ ಅಲ್ಲಿ ತಾನಾಗಿ ದಾಖಲಾಗುತ್ತಿತ್ತು. ಟಿಕ್. ಬಿಡುವು. ಅರ್ಧಕ್ಕೆ ಕಡಿದ ಸಣ್ಣ ಟಿಕ್. ಮೇಜಿನ ಮೇಲೆ ಹೊಲಿದ ಹೊಟ್ಟೆಯ ಹಕ್ಕಿ, ಮದ್ದಿಲ್ಲದ, ರೆಕ್ಕೆ ಕಟ್ಟಿದ ಹಕ್ಕಿ, ಮೆಲ್ಲಗೆ ಸಲ್ದಾನರ ಕಡೆ ತಿರುಗಿತು.

ಸಲ್ದಾನ ಎದೆಯ ಮೇಲೆ ಕೈಯಿಟ್ಟುಕೊಂಡು, ಅದು ತಮ್ಮದೇ ಹೌದೋ ಅಲ್ಲವೋ ಎಂಬಂತೆ ಒಂದು ಉಸಿರು ಎಳೆದು ನೋಡಿಕೊಂಡರು. ಆಮೇಲೆ ಹಣೆ ಒರೆಸಿಕೊಂಡು, ಮೈಕನ್ನು ಅವಳ ಕಡೆಗೆ ಸರಿಸಿದರು.

"ನಾನೂ ಗಾಜಿನೊಳಗೆ ಇರುತ್ತೇನೆ," ಎಂದರು. "ಓದಿ."

ತಿಪ್ಪೇಶ ಅವಳ ಮುಂದೆ ಮೊಣಕಾಲೂರಿ ಕೂತ.

"ಅಕ್ಕಾ, ನನ್ ಮಗಳಿಗೆ ಈಗ ಮಾತು ಬರ್ತಿದೆ ಕಣಕ್ಕ. ಬಿಸಿಲು ಅಂದ್ರೆ ಏನು ಅಂತ ಕೇಳ್ತಾಳೆ. ಬಯಲಲ್ಲಿ ನಿಂತು ಅವಳ ಹೆಸರು ಒಂದ್ಸಲ ಕೂಗಬೇಕು ನಾನು. ನಿನ್ ತಮ್ಮ ಅಂತ ತಿಳ್ಕೊ. ನಂಗೋಸ್ಕರ ಓದಕ್ಕ."

ಮಂದಾಕಿನಿ ಅವನ ತಲೆಯ ಮೇಲೆ ಕೈಯಿಟ್ಟಳು. ಅಪ್ಪನ ಬಾಯಿ ಮುಚ್ಚಿದ್ದ ಅದೇ ಕೈ. ಗಂಟಲವರೆಗೆ ಪದ್ಯ ಬಂದು ನಿಂತಿತ್ತು. ಒಂದು ಗಂಟೆ ಓದಿದ್ದರೆ ಮೈಮನಸ್ಸಿನ ನೋವೆಲ್ಲ ಇಳಿಯುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಅವಳು ಮೈಕಿನ ತಂತಿಯನ್ನು ಕಿತ್ತು ಸಲ್ದಾನರ ಕೈಗೆ ಕೊಟ್ಟಳು.

"ಇಲ್ಲ ತಿಪ್ಪೇಶ. ನಿನಗೋಸ್ಕರವೂ ಓದಲ್ಲ."